ಕಸದಿಂದ ಅರಳುವ ಗೋದಲಿ

ಆಗಮನಕಾಲದ ಮೊದಲ ಮೇಣದಬತ್ತಿ ಬೆಳಗುತ್ತಿದ್ದಂತೆಯೇ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ತಲೆಯೆತ್ತುತ್ತದೆ: ಈ ವರುಷದ ಗೋದಲಿ ಹೇಗಿರಬೇಕು? ಹಿಂದಿನವರು ಈ ಪ್ರಶ್ನೆಗೆ ಉತ್ತರವನ್ನು ಅಟ್ಟದ ಮೇಲೆ, ಹಿತ್ತಲಿನಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಹುಡುಕುತ್ತಿದ್ದರು. ಇಂದು ನಮ್ಮಲ್ಲಿ ಅನೇಕರು ಅಂಗಡಿಯ ಕಪಾಟಿನಲ್ಲಿ ಹುಡುಕುತ್ತೇವೆ. ಪೆಟ್ಟಿಗೆ ಬಿಚ್ಚಿದರೆ ಬೆಟ್ಟ, ಗುಡಿಸಲು, ಮರ, ನಕ್ಷತ್ರ ಎಲ್ಲವೂ ಸಿದ್ಧ. ತಂತಿಯನ್ನು ಚುಚ್ಚಿದರೆ ಜಲಪಾತವೂ ಹರಿಯುತ್ತದೆ. ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು, ಮಕ್ಕಳ ಉತ್ಸಾಹವೂ ಅಷ್ಟರಲ್ಲೇ ಮುಗಿಯಿತು.

ಹಣವಿದ್ದವರು ಕೊಳ್ಳಬಾರದೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಆದರೆ ಗೋದಲಿಯೆಂಬುದು ಕೊಳ್ಳುವ ವಸ್ತುವಾಗುವುದಕ್ಕೆ ಮೊದಲು ಮಾಡುವ ಕೆಲಸವಾಗಿತ್ತು ಎಂಬುದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಪ್ರತಿದಿನ ನಾವು ಎಸೆಯುವ ಹಳೆಯ ಪತ್ರಿಕೆ, ಮೊಟ್ಟೆಯ ತಟ್ಟೆ, ತೆಂಗಿನ ಚಿಪ್ಪು, ಚಹಾದ ಚರಟ, ಒಡೆದ ಕನ್ನಡಿ ಇವುಗಳಿಂದಲೇ ಒಂದು ಪುಟ್ಟ ತೋಟ, ಒಂದು ಪುಟ್ಟ ಊರು ಮೈದಳೆಯಬಲ್ಲದು. ಆ ಊರಿನ ನಡುವೆ ಬಾಲಯೇಸುವಿಗೆ ಒಂದಿಷ್ಟು ಜಾಗ ದೊರೆತರೆ ಹಬ್ಬಕ್ಕೆ ಬೇರೆ ಶೃಂಗಾರ ಬೇಕಿಲ್ಲ.

ಗ್ರೆಚ್ಚೊ ಹಳ್ಳಿಯ ಹುಲ್ಲು

ಗೋದಲಿ ಎಂಬ ಮಾತಿನ ಅರ್ಥವನ್ನೇ ಗಮನಿಸಿ. ದನಕ್ಕೆ ಮೇವು ಹಾಕುವ ತೊಟ್ಟಿಗೆ ನಮ್ಮ ಹಳ್ಳಿಗಳಲ್ಲಿ ಆ ಹೆಸರು. ಸಂತ ಲೂಕನು ತನ್ನ ಶುಭಸಂದೇಶದಲ್ಲಿ ಹೇಳುವುದೂ ಇಷ್ಟನ್ನೇ: ಛತ್ರದಲ್ಲಿ ಸ್ಥಳವಿಲ್ಲದ್ದರಿಂದ ತಾಯಿಯು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು. ಕೊಟ್ಟಿಗೆಯ ವಿವರವಾಗಲಿ, ಎತ್ತು ಕತ್ತೆಗಳ ಪ್ರಸ್ತಾಪವಾಗಲಿ ಅಲ್ಲಿಲ್ಲ. ಎತ್ತು ತನ್ನ ಒಡೆಯನನ್ನೂ ಕತ್ತೆ ತನ್ನ ಧಣಿಯ ಗೋದಲಿಯನ್ನೂ ಬಲ್ಲವೆಂಬ ಪ್ರವಾದಿ ಯೆಶಾಯನ ಮಾತಿನಿಂದ ಅವೆರಡೂ ನಮ್ಮ ಗೋದಲಿಯನ್ನು ಪ್ರವೇಶಿಸಿದವು. ಒಂದೇ ಒಂದು ಮೇವಿನ ತೊಟ್ಟಿಯ ಸುತ್ತ ಭಕ್ತರ ಕಲ್ಪನೆ ಇಡೀ ಊರನ್ನು ಕಟ್ಟಿತು.

ಈ ಕಟ್ಟುವ ಕೆಲಸಕ್ಕೆ ಹೊಸ ಹುರುಪು ತಂದವರು ಅಸ್ಸಿಸಿಯ ಸಂತ ಫ್ರಾನ್ಸಿಸರು. 1223ರ ಕ್ರಿಸ್ಮಸ್ ರಾತ್ರಿ, ಇಟಲಿಯ ಗ್ರೆಚ್ಚೊ ಎಂಬ ಗುಡ್ಡದ ಹಳ್ಳಿಯಲ್ಲಿ ನಡೆದ ಆ ಘಟನೆಯನ್ನು ಅವರ ಚರಿತ್ರಕಾರ ಸೆಲಾನೊದ ಥಾಮಸ್ ಬರೆದಿಟ್ಟಿದ್ದಾನೆ. ಹಬ್ಬಕ್ಕೆ ಸುಮಾರು ಹದಿನೈದು ದಿನಗಳ ಮೊದಲು ಫ್ರಾನ್ಸಿಸರು ಜೊವಾನ್ನಿ ಎಂಬ ಊರ ಗಣ್ಯನನ್ನು ಕರೆದು, ಬೆತ್ಲೆಹೇಮಿನ ಶಿಶು ಅನುಭವಿಸಿದ ಬಡತನವನ್ನು ತಾವು ಕಣ್ಣಾರೆ ಕಾಣಬಯಸುವುದಾಗಿ ತಿಳಿಸಿದರು. ಜೊವಾನ್ನಿ ಸಿದ್ಧಪಡಿಸಿದ್ದು ಏನು? ಒಂದು ಗೋದಲಿ, ಒಂದಿಷ್ಟು ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ಸುತ್ತಲಿನ ಜನ ಪಂಜು ಹಿಡಿದು ಬಂದರು. ಅಲ್ಲಿಯೇ ಬಲಿಪೂಜೆ ನಡೆಯಿತು. ಆ ಹುಲ್ಲನ್ನು ಜನರು ಮನೆಗೆ ಕೊಂಡೊಯ್ದು ಕಾಯಿಲೆಯ ದನಗಳಿಗೆ ತಿನ್ನಿಸಿದರೆಂದೂ ಅವು ಗುಣ ಹೊಂದಿದವೆಂದೂ ಥಾಮಸನ ಬರಹ ಹೇಳುತ್ತದೆ.

ಆ ರಾತ್ರಿಗೆ 2023ರಲ್ಲಿ ಎಂಟುನೂರು ವರುಷ ತುಂಬಿತು. ಅದಕ್ಕೂ ಮುನ್ನ, 2019ರ ಡಿಸೆಂಬರ್ 1ರಂದು, ಪೋಪ್ ಫ್ರಾನ್ಸಿಸರು ಅದೇ ಗ್ರೆಚ್ಚೊಗೆ ತೆರಳಿ ಗೋದಲಿಯ ಅರ್ಥವನ್ನು ವಿವರಿಸುವ ಪ್ರೇಷಿತ ಪತ್ರವೊಂದಕ್ಕೆ ಸಹಿ ಹಾಕಿದ್ದರು. ಮನೆಮನೆಗಳಲ್ಲಿ ಗೋದಲಿ ಕಟ್ಟುವ ಸಂಪ್ರದಾಯ ಉಳಿಯಲಿ, ಮರೆತುಹೋದಲ್ಲಿ ಮರಳಿ ಬರಲಿ ಎಂಬುದು ಅದರ ಆಶಯ. ಗ್ರೆಚ್ಚೊದ ಆ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಅದರಲ್ಲಿ ಹಳ್ಳಿಯ ಬಡ ರೈತನ ಮನೆಯಲ್ಲಿ ಇಲ್ಲದ ವಸ್ತು ಒಂದಾದರೂ ಇದೆಯೇ?

ಊರೂರಿನ ಕೈಚಳಕ

ಗೋದಲಿ ದೇಶದಿಂದ ದೇಶಕ್ಕೆ ಹೋದಂತೆ ಆಯಾ ನೆಲದ ವಸ್ತುಗಳನ್ನೇ ಉಟ್ಟುಕೊಂಡಿತು. ನೇಪಲ್ಸ್ ನಗರದಲ್ಲಿ 1734ರಿಂದ 1759ರವರೆಗೆ ಆಳಿದ ಬೂರ್ಬೋನ್ ವಂಶದ ದೊರೆ ಚಾರ್ಲ್ಸನಿಗೆ ಗೋದಲಿಯ ಹುಚ್ಚೇ ಇತ್ತು. ಅಲ್ಲಿನ ಕುಶಲಕರ್ಮಿಗಳು ಬೆಂಡುಮರದ ತೊಗಟೆಯಿಂದ ಬೆಟ್ಟ ಕಟ್ಟಿದರು. ತಲೆಯನ್ನು ಸುಟ್ಟ ಮಣ್ಣಿನಿಂದ ಮಾಡಿ, ಒಡಲಿಗೆ ತಂತಿ ಬಗ್ಗಿಸಿ ನಾರು ಸುತ್ತಿ, ಮೇಲೆ ಬಟ್ಟೆ ತೊಡಿಸಿದರು. ಮೀನು ಮಾರುವವಳು, ಹಣ್ಣಿನವನು, ಭಿಕ್ಷುಕ ಎಲ್ಲರೂ ದಿವ್ಯ ಶಿಶುವಿನ ಸುತ್ತ ನೆರೆದರು.

ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಕೆಮ್ಮಣ್ಣಿನ ಪುಟ್ಟ ಗೊಂಬೆಗಳಿಗೆ ಸಾಂತೋನ್, ಎಂದರೆ ಚಿಕ್ಕ ಸಂತರು, ಎಂದು ಹೆಸರು. ಅಲ್ಲಿಯೂ ಹಳ್ಳಿಯ ಗಿರಣಿಯವನು, ಚಾಕು ಹರಿತ ಮಾಡುವವನು, ಕುರುಬ ಗೋದಲಿಯ ದಾರಿ ಹಿಡಿದಿದ್ದಾರೆ. ಬೆಟ್ಟಗಳಿಗೆ ಅವರು ಬಳಸುವುದು ಬಣ್ಣ ಬಳಿದು ಮುದುರಿದ ಕಾಗದ. ಪೋಲೆಂಡಿನ ಕ್ರಾಕೋವ್ ನಗರದ ಕಥೆ ಇನ್ನೂ ಸ್ವಾರಸ್ಯಕರ. ಚಳಿಗಾಲದಲ್ಲಿ ಕೆಲಸವಿಲ್ಲದ ಗಾರೆಯವರು ರಟ್ಟು, ಮರದ ಚೂರು, ಬಣ್ಣದ ಮಿರುಗುಹಾಳೆಗಳಿಂದ ತಮ್ಮ ನಗರದ ಇಗರ್ಜಿ ಗೋಪುರಗಳನ್ನೇ ಹೋಲುವ ಗೋದಲಿಗಳನ್ನು ಕಟ್ಟಿದರು. ಚಾಕಲೇಟು ಸುತ್ತಿ ಬರುವ ಹಾಳೆಯೂ ಅಲ್ಲಿ ಗೋಪುರದ ಚಿನ್ನವಾಗುತ್ತದೆ. 1937ರಲ್ಲಿ ಮೊದಲ್ಗೊಂಡ ಅಲ್ಲಿನ ಸ್ಪರ್ಧೆ ಯುದ್ಧಕಾಲದ ವಿರಾಮದ ಬಳಿಕ ಇಂದಿಗೂ ನಡೆದುಬಂದಿದೆ. 2018ರಲ್ಲಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆಲಸವಿಲ್ಲದ ಗಾರೆಯವನ ಕೈಯಲ್ಲಿದ್ದ ರಟ್ಟಿನ ಚೂರಿಗೆ ದೊರೆತ ಗೌರವವಿದು.

ನಮ್ಮ ನಾಡಿಗೂ ಈ ಕಲೆ ಹೊಸತಲ್ಲ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ದಸರೆಯ ಗೊಂಬೆ ಕೂರಿಸುವಾಗ ಮೆಟ್ಟಿಲುಗಳ ಪಕ್ಕದಲ್ಲಿ ಒಂದು ಪುಟ್ಟ ಉದ್ಯಾನವನ್ನೂ ಮಾಡುವ ರೂಢಿಯಿದೆ. ರಾಗಿ ಚೆಲ್ಲಿ ಮೊಳಕೆ ಬರಿಸಿದರೆ ಹುಲ್ಲುಗಾವಲು, ಕನ್ನಡಿಯಿಟ್ಟರೆ ಕೊಳ, ಮರಳು ಸುರಿದರೆ ದಾರಿ. ನೆರೆಮನೆಯ ಗೊಂಬೆ ನೋಡಲು ಹೋದ ನಮ್ಮ ಮಕ್ಕಳು, ಕ್ರಿಸ್ಮಸ್ಸಿಗೆ ಗೋದಲಿ ನೋಡಲು ಬರುವ ನೆರೆಮನೆಯ ಮಕ್ಕಳು, ಒಬ್ಬರಿಂದೊಬ್ಬರು ಈ ವಿದ್ಯೆಯನ್ನು ಕಲಿತಿದ್ದಾರೆ. ಹಬ್ಬಗಳು ಬೇರೆಯಾದರೂ ರಾಗಿಯ ಹಸಿರು ಒಂದೇ.

ಮೊದಲು ಅಳತೆ, ಆಮೇಲೆ ಬೆಟ್ಟ

ಕೈ ಹಾಕುವ ಮುನ್ನ ಮನೆಯಲ್ಲಿರುವ ಮೂರ್ತಿಗಳನ್ನು ಮೇಜಿನ ಮೇಲಿಟ್ಟು ಅಳೆಯಿರಿ. ಅನೇಕ ಗೋದಲಿಗಳು ಕೆಡುವುದು ವಸ್ತುವಿನ ಕೊರತೆಯಿಂದಲ್ಲ, ಅಳತೆಯ ತಪ್ಪಿನಿಂದ. ಸಂತ ಜೋಸೆಫರ ತಲೆ ಗುಡಿಸಲಿನ ಮಾಡಿಗಿಂತ ಎತ್ತರವಾಗಿ, ಕುರಿಯು ಬಾವಿಗಿಂತ ದೊಡ್ಡದಾಗಿ ನಿಂತ ದೃಶ್ಯವನ್ನು ನಾವೆಲ್ಲ ಕಂಡಿದ್ದೇವೆ. ನಿಂತ ಮೂರ್ತಿ 15 ಸೆಂಟಿಮೀಟರ್ ಎತ್ತರವಿದ್ದರೆ, ಅದು ಸುಮಾರು 165 ಸೆಂಟಿಮೀಟರ್ ಎತ್ತರದ ಮನುಷ್ಯನ ಹನ್ನೊಂದನೇ ಒಂದು ಪಾಲು. ಆ ಲೆಕ್ಕದಲ್ಲಿ ಎರಡು ಮೀಟರ್ ಎತ್ತರದ ಬಾಗಿಲು 18 ಸೆಂಟಿಮೀಟರ್ ಇರಬೇಕು. ಭುಜದವರೆಗೆ 130 ಸೆಂಟಿಮೀಟರ್ ಇರುವ ಎತ್ತು 12 ಸೆಂಟಿಮೀಟರ್ ಇದ್ದರೆ ಸಾಕು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡರೆ ಮುಂದಿನ ಕೆಲಸವೆಲ್ಲ ಸುಗಮ. ಗಣಿತವೆಂದರೆ ಹೆದರುವ ಬಾಲಕನಿಗೆ ಈ ಚೀಟಿ ಬರೆಯುವ ಕೆಲಸವನ್ನೇ ವಹಿಸಿ ನೋಡಿ.

ದೂರದ ಭ್ರಮೆ ಹುಟ್ಟಿಸುವುದಕ್ಕೂ ಒಂದು ಉಪಾಯವಿದೆ. ದೊಡ್ಡ ಮೂರ್ತಿಗಳನ್ನು ಮುಂದಿಟ್ಟು, ಚಿಕ್ಕವನ್ನು ಹಿಂದಿನ ಗುಡ್ಡದ ಮೇಲಿಡಬೇಕು. ಹಿಂದಿನ ಮನೆಗಳು ಬೆಂಕಿಪೆಟ್ಟಿಗೆಯಷ್ಟೇ ಇರಲಿ. ಹತ್ತಿರದ ಬೆಟ್ಟಕ್ಕೆ ಗಾಢ ಬಣ್ಣ, ದೂರದ ಬೆಟ್ಟಕ್ಕೆ ನೀಲಿ ಬೆರೆತ ಮಾಸಲು ಬಣ್ಣ ಬಳಿಯಿರಿ. ಮಡಿಕೇರಿಯಲ್ಲೋ ಮೂಡಿಗೆರೆಯಲ್ಲೋ ನಿಂತು ಬೆಟ್ಟಸಾಲು ನೋಡಿದವರಿಗೆ ಈ ಗುಟ್ಟನ್ನು ಬಿಡಿಸಿ ಹೇಳಬೇಕಿಲ್ಲ.

ಬೆಟ್ಟಕ್ಕೆ ಬೇಕಾದದ್ದು ರಟ್ಟಿನ ಪೆಟ್ಟಿಗೆಗಳು, ಹಳೆಯ ಪತ್ರಿಕೆಗಳು ಮತ್ತು ಅಂಟು. ಒಂದು ಲೋಟ ಮೈದಾಹಿಟ್ಟಿಗೆ ನಾಲ್ಕು ಲೋಟ ನೀರು ಬೆರೆಸಿ, ಗಂಟಾಗದಂತೆ ಕದಡಿ, ಸಣ್ಣ ಉರಿಯಲ್ಲಿ ಕುದಿಸಿದರೆ ಮಂದವಾದ ಸರಿ ಸಿದ್ಧವಾಗುತ್ತದೆ. ಒಂದು ಚಮಚ ಉಪ್ಪು ಹಾಕಿದರೆ ಬೂಷ್ಟು ಬೇಗ ಹಿಡಿಯುವುದಿಲ್ಲ. ಹಿಂದಿನ ಪುಸ್ತಕ ಕಟ್ಟುವವರು ಇದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷವಾದುದರಿಂದ ಮಕ್ಕಳು ಕೈಯಾಡಿಸುವ ಕೆಲಸದಲ್ಲಿ ಬೇಡವೇ ಬೇಡ. ಪೆಟ್ಟಿಗೆಗಳನ್ನು ಏರುಪೇರಾಗಿ ಜೋಡಿಸಿ, ನಡುವಣ ಸಂದುಗಳಲ್ಲಿ ಮುದುರಿದ ಕಾಗದ ತುರುಕಿ, ಅಂಟಿನಲ್ಲಿ ಅದ್ದಿದ ಪತ್ರಿಕೆಯ ಪಟ್ಟಿಗಳನ್ನು ಅಡ್ಡಡ್ಡ ಉದ್ದುದ್ದ ಹೊದಿಸಬೇಕು. ನಾಲ್ಕು ಪದರ ಸಾಕು. ಆದರೆ ಒಂದು ಪದರ ಒಣಗುವವರೆಗೆ ಮುಂದಿನದಕ್ಕೆ ಕೈಹಚ್ಚಬಾರದು. ಅವಸರಪಟ್ಟರೆ ಬೆಟ್ಟ ಒಳಗಿಂದಲೇ ಕೊಳೆಯುತ್ತದೆ. ಡಿಸೆಂಬರಿನ ಬಿಸಿಲಿಗೆ ಪದರಕ್ಕೊಂದು ದಿನ ಕೊಡಿ. ಸಿಮೆಂಟಿನ ಕಾಗದದ ಚೀಲ ದೊರೆತರೆ ಕೊಡವಿ, ಒದ್ದೆ ಬಟ್ಟೆಯಿಂದ ಒರೆಸಿ, ಮುದುರಿ ಹೊದಿಸಿದರೆ ಬಂಡೆಯ ಮಡಿಕೆಗಳು ತಾವಾಗಿಯೇ ಮೂಡುತ್ತವೆ.

ಬಣ್ಣಕ್ಕೂ ಅಂಗಡಿಗೆ ಓಡಬೇಕಿಲ್ಲ. ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ ಸೋಸಿದರೆ ಕರಾವಳಿಯ ಮುರಕಲ್ಲಿನ ಬಣ್ಣ ಬರುತ್ತದೆ. ಒಲೆಯ ಬೂದಿ, ಇದ್ದಿಲಪುಡಿ, ಸುಣ್ಣ ಬೆರೆಸಿದರೆ ಬಯಲುಸೀಮೆಯ ಹೆಬ್ಬಂಡೆಯೇ ಕಣ್ಣೆದುರು ನಿಲ್ಲುತ್ತದೆ. ಗಟ್ಟಿ ಕಾಫಿ ಡಿಕಾಕ್ಷನ್ನು ಬಳಿದರೆ ಹಳೆಯ ಮರದ ಬಣ್ಣ. ಈ ಬಣ್ಣಗಳಿಗೂ ಒಂದಿಷ್ಟು ಅಂಟು ಸೇರಿಸಿದರೆ ಒಣಗಿದ ಮೇಲೆ ಉದುರುವುದಿಲ್ಲ.

ಎಸೆಯುವ ಕೈ ತಡೆಯಲಿ

ಇನ್ನು ಊರು ಕಟ್ಟುವ ಸಂಭ್ರಮ. ಚಹಾದ ಚರಟವನ್ನು ಸಕ್ಕರೆ ಹಾಲು ಹೋಗುವಂತೆ ತೊಳೆದು, ಬಿಸಿಲಿಗೆ ಒಣಗಿಸಿಟ್ಟರೆ ಉತ್ತ ಹೊಲದ ಮಣ್ಣು. ತೊಳೆಯದಿದ್ದರೆ ಇರುವೆಗಳ ಮೆರವಣಿಗೆ. ಮೊಟ್ಟೆಯ ಸಿಪ್ಪೆಯನ್ನು ತೊಳೆದು ಒರಟಾಗಿ ಪುಡಿಮಾಡಿ ಅಂಟಿನ ಮೇಲೆ ಚೆಲ್ಲಿದರೆ ಕಲ್ಲು ಹಾಸಿದ ದಾರಿ. ಮರದ ಹೊಟ್ಟಿಗೆ ಹಸಿರು ಬಣ್ಣ ಹಾಕಿ ಒಣಗಿಸಿದರೆ ಹುಲ್ಲುಗಾವಲು. ಒಣಗಿದ ಹೀರೇಕಾಯಿಯ ನಾರನ್ನು, ಇಲ್ಲವೆ ಸ್ನಾನದ ಮನೆಯಲ್ಲಿ ಸವೆದ ಸ್ಪಂಜನ್ನು, ಚೂರುಮಾಡಿ ಬಣ್ಣದಲ್ಲಿ ಅದ್ದಿ, ಒಣಕಡ್ಡಿಗಳ ತುದಿಗೆ ಸಿಕ್ಕಿಸಿದರೆ ಪೊದೆ ಮತ್ತು ಮರ. ಪತ್ರಿಕೆಯನ್ನು ಬಿಗಿಯಾಗಿ ಸುರುಳಿ ಸುತ್ತಿ ತೆಂಗಿನ ನಾರನ್ನು ಹೊದಿಸಿದರೆ ಖರ್ಜೂರದ ಕಾಂಡ. ಅದರ ಗರಿಗಳಿಗೆ ಹಸಿರು ಪ್ಲಾಸ್ಟಿಕ್ ಬಾಟಲಿಯನ್ನು ಸೀಳಿದರಾಯಿತು.

ಮೊಟ್ಟೆಯ ರಟ್ಟಿನ ತಟ್ಟೆಯನ್ನು ಚೂರು ಚೂರಾಗಿ ಹರಿದು ಅಂಟಿಸಿದರೆ ಕಲ್ಲಿನ ಗೋಡೆ. ಸುರುಳಿ ರಟ್ಟಿನ ಮೇಲ್ಪದರವನ್ನು ನೀರು ಸವರಿ ನಿಧಾನವಾಗಿ ಸುಲಿದರೆ ಒಳಗಣ ಏರಿಳಿತ ಕಾಣುತ್ತದೆ. ಅದಕ್ಕೆ ಕೆಮ್ಮಣ್ಣು ಬಳಿಯಿರಿ, ಮಂಗಳೂರು ಹೆಂಚಿನ ಮಾಡು ಸಿದ್ಧ. ಅಡಕೆ ಹಾಳೆ ಕತ್ತರಿಸಿದರೆ ಗುಡಿಸಲಿನ ಗೋಡೆ, ತೆಂಗಿನ ಚಿಪ್ಪನ್ನು ಸೀಳಿ ಇರಿಸಿದರೆ ಗುಹೆಯ ಬಾಯಿ, ಹಿಡಿಸೂಡಿಯ ಕಡ್ಡಿ ಹೆಣೆದರೆ ಬೇಲಿ, ಅಂಟುಪಟ್ಟಿಯ ಖಾಲಿ ಬಳೆ ನಿಲ್ಲಿಸಿದರೆ ಬಾವಿಯ ಕಟ್ಟೆ, ಔಷಧ ಸೀಸೆಯ ಮುಚ್ಚಳಕ್ಕೆ ದಾರ ಕಟ್ಟಿದರೆ ಕೊಡ. ಒಡೆದ ಕನ್ನಡಿಯ ಅಂಚನ್ನು ಅಂಟುಪಟ್ಟಿಯಿಂದ ಮುಚ್ಚಿ, ಮೇಲೆ ಮರಳು ಸುರಿದು ವಕ್ರವಾಗಿ ಮರೆಮಾಡಿದರೆ ಕೊಳ. ಈ ಕನ್ನಡಿಯ ಕೆಲಸವನ್ನು ಮಾತ್ರ ಹಿರಿಯರೇ ಮಾಡಬೇಕು.

ಇದಕ್ಕೆಲ್ಲ ಬೇಕಾದ ಸಾಮಗ್ರಿ ಒಂದು ದಿನದಲ್ಲಿ ಕೂಡಿಬರುವುದಿಲ್ಲ. ನವೆಂಬರಿನ ಮೊದಲ ವಾರದಲ್ಲೇ ಅಡಿಗೆಮನೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಇರಲಿ. ಎಸೆಯಲೆಂದು ಎತ್ತಿದ ಕೈ ಒಂದು ಕ್ಷಣ ತಡೆದು, ಇದು ಏನಾಗಬಲ್ಲದು ಎಂದು ಕೇಳಿಕೊಳ್ಳಲಿ. ಆ ಪ್ರಶ್ನೆಯೇ ಅರ್ಧ ಗೋದಲಿ.

ಮೊಳಕೆಯ ಪಂಚಾಂಗ

ಗೋದಲಿಯಲ್ಲಿ ಜೀವಂತವಾದದ್ದು ಒಂದಾದರೂ ಇರಬೇಕೆಂಬುದು ನಮ್ಮ ಹಿರಿಯರ ಆಸೆ. ಪ್ರೊವಾನ್ಸಿನವರು ಡಿಸೆಂಬರ್ 4ರಂದು, ಸಂತ ಬಾರ್ಬರಳ ಹಬ್ಬದ ದಿನ, ಮೂರು ತಟ್ಟೆಗಳಲ್ಲಿ ಗೋಧಿ ಬಿತ್ತುತ್ತಾರೆ. ಹಂಗೇರಿ, ಕ್ರೊಯೇಷಿಯಾಗಳಲ್ಲಿ ಡಿಸೆಂಬರ್ 13ರ ಸಂತ ಲೂಸಿಯಳ ಹಬ್ಬಕ್ಕೆ ಬಿತ್ತನೆ. ಪೈರು ಹುಲುಸಾಗಿ ಬಂದರೆ ಬರುವ ವರುಷ ಸಮೃದ್ಧಿಯೆಂಬ ನಂಬಿಕೆ. ಬೆತ್ಲೆಹೇಮ್ ಎಂಬ ಹೀಬ್ರೂ ಹೆಸರಿಗೆ ರೊಟ್ಟಿಯ ಮನೆ ಎಂದರ್ಥ. ರೊಟ್ಟಿಯ ಮನೆಯ ಸುತ್ತ ಧಾನ್ಯ ಮೊಳೆಯುವುದು ಎಷ್ಟು ಸಹಜ!

ನಮಗೆ ರಾಗಿಯೇ ಉತ್ತಮ. ಕಾಳು ಸಣ್ಣದು, ಮೊಳಕೆ ನವಿರು, ಪುಟ್ಟ ಮೂರ್ತಿಗಳ ಕಾಲ ಬಳಿ ಹುಲ್ಲಿನಂತೆಯೇ ಕಾಣುತ್ತದೆ. ಮೊಸರಿನ ಡಬ್ಬಿಯ ಮುಚ್ಚಳ ಅಥವಾ ಅಡ್ಡ ಸೀಳಿದ ಹಾಲಿನ ರಟ್ಟಿನ ಪೊಟ್ಟಣ ತಟ್ಟೆಯಾಗಲಿ. ಎರಡು ಸೆಂಟಿಮೀಟರ್ ಮಣ್ಣು ಅಥವಾ ತೆಂಗಿನ ನಾರಿನ ಪುಡಿ ಹರಡಿ, ರಾತ್ರಿಯಿಡೀ ನೆನೆಸಿದ ರಾಗಿಯನ್ನು ಒತ್ತೊತ್ತಾಗಿ ಚೆಲ್ಲಿ, ತೆಳುವಾಗಿ ಮಣ್ಣು ಮುಚ್ಚಿ. ಡಿಸೆಂಬರ್ 13 ಅಥವಾ 14ರಂದು ಬಿತ್ತಿದರೆ ಎರಡು ಮೂರು ದಿನಕ್ಕೆ ಮೊಳಕೆ ಇಣುಕುತ್ತದೆ, ಜಾಗರಣೆಯ ರಾತ್ರಿಗೆ ನಾಲ್ಕಾರು ಸೆಂಟಿಮೀಟರ್ ಹಸಿರು ಎದ್ದಿರುತ್ತದೆ. ಕೊಡಗು, ಚಿಕ್ಕಮಗಳೂರುಗಳ ಚಳಿಯಲ್ಲಿ ಎರಡು ದಿನ ಮೊದಲೇ ಬಿತ್ತುವುದು ಲೇಸು. ಗೋಧಿಯಾದರೆ ಇನ್ನೂ ಎತ್ತರ ಬೆಳೆಯುತ್ತದೆ. ಅದನ್ನು ಹಿನ್ನೆಲೆಯ ಹೊಲಕ್ಕೆ ಬಳಸಿ. ಸಾಸಿವೆ ಬೇಗ ಬರುವುದರಿಂದ ಬಿತ್ತನೆ ಮರೆತವರಿಗೆ ಅದೇ ಗತಿ. ಡಿಸೆಂಬರ್ 18ಕ್ಕೂ ಬಿತ್ತಬಹುದು.

ನೀರನ್ನು ಸುರಿಯದೆ ಚಿಮುಕಿಸಬೇಕು. ನೀರು ನಿಂತರೆ ಬೂಷ್ಟು ಹಿಡಿಯುತ್ತದೆ. ಕತ್ತಲೆಯಲ್ಲಿಟ್ಟರೆ ಪೈರು ಹಳದಿಯಾಗಿ ಸೊರಗಿ ಉದ್ದವಾಗುತ್ತದೆ. ಆದ್ದರಿಂದ ಕಿಟಕಿಯ ಬಳಿ ಬೆಳೆಸಿ, ಡಿಸೆಂಬರ್ 24ರ ಸಂಜೆ ಮಾತ್ರ ಗೋದಲಿಯೊಳಗೆ ತಂದಿಡಿ. ಕಾಗದದ ಬೆಟ್ಟದ ಪಕ್ಕ ನೀರಿನ ತಟ್ಟೆಯನ್ನು ಹತ್ತು ದಿನ ಇಟ್ಟರೆ ಬೆಟ್ಟದ ಬುಡ ಕುಸಿಯುವುದು ಖಂಡಿತ.

ಬೇಡವಾದ ವಸ್ತುಗಳು

ಎಲ್ಲ ಕಸವೂ ಗೋದಲಿಗೆ ಯೋಗ್ಯವಲ್ಲ. ಅಲಂಕಾರಕ್ಕೆ ಬಳಸುವ ಥರ್ಮೊಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಅದು ಮಣ್ಣಿನಲ್ಲಿ ಕರಗದು, ಪುಡಿಯಾಗಿ ಚರಂಡಿ ಸೇರುತ್ತದೆ, ಬೆಂಕಿಗೆ ಬಿದ್ದರೆ ಕಪ್ಪು ಹೊಗೆಯುಗುಳುತ್ತದೆ. ಯಂತ್ರ ತಂದ ಪೆಟ್ಟಿಗೆಯಲ್ಲಿ ಹೇಗೂ ಬಂದಿದೆಯಲ್ಲ ಎನ್ನುವವರು ಅದನ್ನು ಮರೆಯಲ್ಲಿ ಬಳಸಿ ವರುಷವರುಷವೂ ಉಳಿಸಿಕೊಳ್ಳಲಿ. ಹೊಸದಾಗಿ ಕೊಳ್ಳುವುದು ಮಾತ್ರ ಸಲ್ಲದು.

ಕಾಡಿನ ಪಾಚಿಯ ವಿಷಯದಲ್ಲಿಯೂ ಎಚ್ಚರ ಬೇಕು. ಮಲೆನಾಡಿನಲ್ಲಿ ಬಂಡೆಯ ಮೇಲಿನ, ಮರದ ಮೇಲಿನ ಪಾಚಿಯನ್ನು ಹಾಳೆ ಹಾಳೆಯಾಗಿ ಎಬ್ಬಿಸಿ ತಂದು ಗೋದಲಿಗೆ ಹಾಸುವುದುಂಟು. ಆ ಪಾಚಿ ಮಳೆಯ ನೀರನ್ನು ಹೀರಿ ಹಿಡಿದು ಮೆಲ್ಲಮೆಲ್ಲನೆ ಬಿಟ್ಟುಕೊಡುವ ಕಾಡಿನ ಸ್ಪಂಜು. ಅಸಂಖ್ಯ ಸಣ್ಣ ಜೀವಿಗಳಿಗೆ ಮನೆ. ಬೆಳೆಯುವುದು ಬಹು ನಿಧಾನ. ಹದಿನೈದು ದಿನದ ಶೃಂಗಾರಕ್ಕೆ ಹಲವು ವರುಷಗಳ ಬೆಳವಣಿಗೆಯನ್ನು ಕಿತ್ತು ತರುವುದು ನ್ಯಾಯವೇ? ಹಸಿರು ಹೊಟ್ಟು ಅದೇ ಕೆಲಸವನ್ನು ಮಾಡುತ್ತದೆ.

ಒಣಹುಲ್ಲು, ಕಾಗದಗಳ ನಡುವೆ ಮೇಣದಬತ್ತಿ ಎಂದಿಗೂ ಬೇಡ. ಬಿಸಿಯಾಗುವ ಹಳೆಯ ಬಲ್ಬುಗಳ ಮಾಲೆಗಿಂತ ಎಲ್‌ಇಡಿ ದೀಪ ಸುರಕ್ಷಿತ. ತಂತಿಯ ಜೋಡಣೆಗಳು ಮೊಳಕೆಯ ತಟ್ಟೆಯಿಂದ ದೂರವಿರಲಿ, ಮಲಗುವ ಮುನ್ನ ದೀಪವಾರಿಸಿ. ಗುಂಡಿಯಾಕಾರದ ಪುಟ್ಟ ಬ್ಯಾಟರಿಗಳನ್ನು ಎಳೆಯ ಮಕ್ಕಳು ನುಂಗಿದರೆ ಪ್ರಾಣಕ್ಕೇ ಸಂಚಕಾರ. ಅವುಗಳನ್ನು ಕೈಗೆಟುಕದಂತೆ ಭದ್ರಪಡಿಸಿ.

ಇನ್ನು ಹತ್ತಿಯ ಹಿಮ. ಬೆತ್ಲೆಹೇಮ್ ಜೆರುಸಲೇಮಿನ ದಕ್ಷಿಣಕ್ಕೆ ಸುಮಾರು 9 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 775 ಮೀಟರ್ ಎತ್ತರದಲ್ಲಿದೆ. ನಮ್ಮ ಬೆಂಗಳೂರು ಅದಕ್ಕಿಂತ ಎತ್ತರ. ಅಲ್ಲಿ ಹಿಮ ಬೀಳುವುದು ಕೆಲವು ವರುಷಗಳಲ್ಲಿ ಮಾತ್ರ. ಸುಣ್ಣಕಲ್ಲಿನ ಗುಡ್ಡ, ಮೆಟ್ಟಿಲು ಮೆಟ್ಟಿಲಾದ ಹೊಲ, ಆಲಿವ್, ಅಂಜೂರ, ದ್ರಾಕ್ಷಿಯ ಬಳ್ಳಿ, ದನಕುರಿಗಳನ್ನು ಕಟ್ಟುವ ಗುಹೆಗಳು ಅಲ್ಲಿನ ನಿಜವಾದ ದೃಶ್ಯ. ಎರಡನೇ ಶತಮಾನದ ಸಂತ ಜಸ್ಟಿನ್ ಕೂಡ ಕ್ರಿಸ್ತಜನನದ ಸ್ಥಳವನ್ನು ಗುಹೆಯೆಂದೇ ಬರೆದಿದ್ದಾರೆ. ದೇವದಾರು ಮರ, ಹತ್ತಿಯ ಹಿಮಗಳು ಶುಭಾಶಯ ಪತ್ರಗಳಿಂದ ನಮ್ಮ ಗೋದಲಿಗೆ ಇಳಿದು ಬಂದವು. ಬೆತ್ಲೆಹೇಮಿನ ಗುಹೆಯನ್ನಾದರೂ ಮಾಡಿ, ಇಲ್ಲವೆ ನಮ್ಮೂರಿನ ಕೊಟ್ಟಿಗೆಯನ್ನಾದರೂ ಮಾಡಿ. ನೇಪಲ್ಸಿನವರು ಮೀನುಗಾರ್ತಿಯನ್ನು ತಂದರೆ ನಾವು ಬೀಡಿ ಕಟ್ಟುವವಳನ್ನು, ಕಾಫಿತೋಟದ ಕೂಲಿಯವನನ್ನು, ಪೌರಕಾರ್ಮಿಕಳನ್ನು ಗೋದಲಿಯ ದಾರಿಗೆ ಕರೆತರಬಾರದೇ? ತಂತಿ, ನಾರು, ದರ್ಜಿಯಂಗಡಿಯ ಬಟ್ಟೆಚೂರು ಇದ್ದರೆ ಅವರೆಲ್ಲ ಒಂದು ಸಂಜೆಯಲ್ಲಿ ಎದ್ದು ನಿಲ್ಲುತ್ತಾರೆ.

ಬಹುಮಾನ ಯಾರಿಗೆ?

ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಗೋದಲಿ ಸ್ಪರ್ಧೆ ನಡೆಯುತ್ತದೆ. ಒಳ್ಳೆಯ ಪದ್ಧತಿಯೇ. ಆದರೆ ಹೆಸರು ಬೇಡವಾದ ಒಂದು ಕಡೆ ನಾವು ಕಂಡ ಸಂಗತಿ ಮನಸ್ಸನ್ನು ಚುಚ್ಚಿತು. ಪೇಟೆಯಿಂದ ತಂದ ಸಾಮಗ್ರಿ, ಕೂಲಿ ಕೊಟ್ಟು ಕರೆಸಿದ ಕೆಲಸಗಾರರು, ತಿರುಗುವ ನಕ್ಷತ್ರ, ಬಣ್ಣ ಬದಲಿಸುವ ದೀಪಗಳಿದ್ದ ಗೋದಲಿಗೆ ಮೊದಲ ಬಹುಮಾನ ಬಂದಿತು. ಅದೇ ಬೀದಿಯ ಬಾಡಿಗೆ ಮನೆಯೊಂದರಲ್ಲಿ ತಾಯಿಯೂ ಮೂವರು ಮಕ್ಕಳೂ ಸೇರಿ ಅಕ್ಕಿಯ ಚೀಲ, ಬೆಂಕಿಕಡ್ಡಿ, ತೆಂಗಿನ ನಾರುಗಳಿಂದ ಕಟ್ಟಿದ ಗೋದಲಿಯ ಮುಂದೆ ತೀರ್ಪುಗಾರರು ಒಂದು ನಿಮಿಷವೂ ನಿಲ್ಲಲಿಲ್ಲ. ಮರುವರುಷ ಆ ಮನೆಯವರು ಸ್ಪರ್ಧೆಗೆ ಹೆಸರು ಕೊಡಲಿಲ್ಲ. ಛತ್ರದಲ್ಲಿ ಸ್ಥಳ ದೊರೆಯದವನ ಹುಟ್ಟುಹಬ್ಬದಲ್ಲಿ ಬಡವರ ಕೈಕೆಲಸಕ್ಕೆ ಸ್ಥಳ ದೊರೆಯದೆ ಹೋದರೆ, ನಾವು ಯಾರ ಹಬ್ಬವನ್ನು ಆಚರಿಸುತ್ತಿದ್ದೇವೆ?

ಆದ್ದರಿಂದ ಧರ್ಮಕೇಂದ್ರದ ಪಾಲನಾ ಸಮಿತಿಗಳಿಗೂ ಯುವಜನ ಸಂಘಗಳಿಗೂ ನಮ್ಮದೊಂದು ಸೂಚನೆಯಿದೆ. ನೂರು ಅಂಕಗಳಲ್ಲಿ ನಲವತ್ತನ್ನು ಮನೆಯ ಹಳೆಯ ವಸ್ತುಗಳ ಬಳಕೆಗೆ ಮೀಸಲಿಡಿ. ಇಪ್ಪತ್ತು ಅಂಕ ಅಳತೆ ಮತ್ತು ನೋಟಕ್ಕೆ, ಇಪ್ಪತ್ತು ಮನೆಮಂದಿಯೆಲ್ಲ ಕೈಗೂಡಿಸಿದ್ದಕ್ಕೆ, ಹತ್ತು ಜೀವಂತ ಹಸಿರಿಗೆ. ಉಳಿದ ಹತ್ತನ್ನು ಹಬ್ಬ ಮುಗಿದ ಮೇಲೆ ಕೊಡಿ: ಯಾರ ಮನೆಯ ಗೋದಲಿ ತಿಪ್ಪೆಗೆ ಹೋಗದೆ ಮರಳಿ ಪೆಟ್ಟಿಗೆ ಸೇರಿತೋ ಅವರಿಗೆ. ತೀರ್ಪುಗಾರರು ಗೋದಲಿಯನ್ನು ನೋಡುವುದರ ಜೊತೆಗೆ ಅದನ್ನು ಮಾಡಿದ ಮಕ್ಕಳೊಡನೆ ಎರಡು ಮಾತನಾಡಲಿ. ಬೆಟ್ಟ ಯಾರು ಮಾಡಿದರೆಂಬುದು ಆಗ ತಾನಾಗಿ ತಿಳಿಯುತ್ತದೆ.

ಕೈಕೆಲಸದ ಗೋದಲಿಯಿಂದ ಇನ್ನೊಂದು ಲಾಭವೂ ಉಂಟು. ಮೂಲೆಯಲ್ಲಿ ಕುಳಿತ ಅಜ್ಜಿಗೆ ಹುಲ್ಲು ಹೆಣೆಯುವ ವಿದ್ಯೆ ಗೊತ್ತು, ಅಜ್ಜನಿಗೆ ಹಾಳೆ ಮಡಿಸುವ ಬಗೆ ಗೊತ್ತು. ಪೆಟ್ಟಿಗೆಯ ಗೋದಲಿಗೆ ಅವರ ಅಗತ್ಯವಿಲ್ಲ, ಕಸದ ಗೋದಲಿಗೆ ಅವರಿಲ್ಲದೆ ನಡೆಯದು. ಹಲವು ಕ್ರೈಸ್ತ ಮನೆಗಳಲ್ಲಿ ಆಗಮನಕಾಲವಿಡೀ ಗೋದಲಿಯನ್ನು ಬರಿದಾಗಿಟ್ಟು, ಮಗುವೊಂದು ಒಳ್ಳೆಯ ಕೆಲಸ ಮಾಡಿದಾಗಲೆಲ್ಲ ಒಂದು ಹುಲ್ಲುಕಡ್ಡಿಯನ್ನು ಅದರಲ್ಲಿ ಇಡುವ ಪದ್ಧತಿಯಿದೆ. ಹಬ್ಬದ ರಾತ್ರಿಗೆ ಬಾಲಯೇಸುವಿನ ಹಾಸಿಗೆ ಎಷ್ಟು ಮೆತ್ತಗಾಗಿದೆಯೆಂದು ಮಕ್ಕಳೇ ಮುಟ್ಟಿ ನೋಡುತ್ತಾರೆ.

ಹಬ್ಬ ಮುಗಿದ ಮೇಲೆ

ಜನವರಿ 6ರ ಮೂವರು ಜ್ಞಾನಿಗಳ ಹಬ್ಬಕ್ಕೆ ಗೋದಲಿಯ ಕಥೆ ಪೂರ್ಣವಾಗುತ್ತದೆ. ಅವರ ಮೂರ್ತಿಗಳನ್ನು ಕ್ರಿಸ್ಮಸ್ಸಿನ ದಿನ ಕೋಣೆಯ ಇನ್ನೊಂದು ತುದಿಯಲ್ಲಿಟ್ಟು ದಿನಕ್ಕಿಷ್ಟು ಮುಂದೆ ಸರಿಸುತ್ತ ಬಂದರೆ ಮಕ್ಕಳಿಗೆ ಕುತೂಹಲ ಉಳಿಯುತ್ತದೆ. ಪ್ರಭುವಿನ ದೀಕ್ಷಾಸ್ನಾನದ ಹಬ್ಬದ ಬಳಿಕ ಬಿಚ್ಚುವ ಕೆಲಸ. ಕಟ್ಟುವಾಗ ಇದ್ದ ಶ್ರದ್ಧೆ ಬಿಚ್ಚುವಾಗಲೂ ಇರಬೇಕು.

ಮೂರ್ತಿಗಳನ್ನು ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಮೂಗು ಮುರಿದ ಕುರುಬನನ್ನು ಎಸೆಯಬೇಡಿ. ಕಾಗದದ ಮುದ್ದೆಯಿಂದ ತೇಪೆ ಹಾಕಿ ಬಣ್ಣ ಬಳಿದರೆ ಅವನು ಇನ್ನೂ ಹಲವು ವರುಷ ಕುರಿ ಕಾಯುತ್ತಾನೆ. ಬೆಟ್ಟ ಗಟ್ಟಿಯಾಗಿದ್ದರೆ ಅಟ್ಟಕ್ಕೆ, ಕುಸಿದಿದ್ದರೆ ರದ್ದಿಯವನಿಗೆ. ಚಹಾದ ಚರಟ, ಮೊಟ್ಟೆಸಿಪ್ಪೆ, ನಾರಿನ ಪುಡಿ ಹೂಕುಂಡಕ್ಕೆ ಗೊಬ್ಬರ. ರಾಗಿಯ ಪೈರನ್ನು ಹಿತ್ತಲಿನಲ್ಲಿ ನೆಟ್ಟು ನೋಡಿ, ಇಲ್ಲವೆ ನೆರೆಮನೆಯ ಹಸುವಿಗೆ ಹಾಕಿ. ಗೋದಲಿಯ ಹುಲ್ಲು ದನದ ಬಾಯಿಗೇ ಹೋಯಿತೆಂದರೆ ಗ್ರೆಚ್ಚೊದ ಹಳ್ಳಿಗರು ಮಾಡಿದ್ದನ್ನೇ ನಾವೂ ಮಾಡಿದಂತಾಯಿತು.

ಅಡಿಗೆಮನೆಯ ಆ ಪೆಟ್ಟಿಗೆಯನ್ನು ಮಾತ್ರ ಖಾಲಿ ಮಾಡಿ ಅಲ್ಲಿಯೇ ಇಡಿ. ಈ ವರುಷ ಬೆಟ್ಟದ ಇಳಿಜಾರು ಸರಿಬರಲಿಲ್ಲವೇ? ಕೊಳ ಚಿಕ್ಕದಾಯಿತೇ? ಮಕ್ಕಳಿಂದಲೇ ಒಂದು ಚೀಟಿಯಲ್ಲಿ ಬರೆಸಿ ಅದರೊಳಗೆ ಹಾಕಿಸಿ. ಬರುವ ನವೆಂಬರಿನಲ್ಲಿ ಪೆಟ್ಟಿಗೆಯ ಮುಚ್ಚಳ ತೆರೆದಾಗ ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂದು ಅವರೇ ನಿಮಗೆ ಹೇಳುತ್ತಾರೆ.